ಗೋಡೆಯ ಮೇಲಿನ ಚಾರ್ಜರ್‌ಗಿಂತ ಅದರ ಹಿಂದಿನ ತಂತಿ ಮುಖ್ಯ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ವಿದ್ಯುತ್ ವಾಹನ ಇಟ್ಟುಕೊಂಡು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವವರವು, ಇಲ್ಲವೇ ಅಂಥ ಮನೆಯನ್ನು ಹುಡುಕುತ್ತಿರುವವರವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಏಳಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ನೋಡಬೇಕೆಂದಿರುವ ಮೂರು ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲೂ ‘ಇವಿ ಚಾರ್ಜಿಂಗ್ ಸೌಲಭ್ಯವಿದೆ’ ಎಂದು ಬರೆದಿದೆ. ಬಾಡಿಗೆ ಮಾತ್ರ ಮೂರಕ್ಕೂ ಬೇರೆ ಬೇರೆ. ಮನೆ ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು?

ಉತ್ತರ: ಆ ಮಾತಿನ ಅರ್ಥ ಕಟ್ಟಡದಿಂದ ಕಟ್ಟಡಕ್ಕೆ ಬದಲಾಗುತ್ತದೆ. ಒಂದು ಕಡೆ ಅದು ನಿಮ್ಮ ಪಾರ್ಕಿಂಗ್ ಜಾಗದ ಗೋಡೆಗೆ ಕೂರಿಸಿದ, ನಿಮ್ಮ ಮನೆಯ ಮೀಟರಿನಿಂದಲೇ ತಂತಿ ಎಳೆದ ಸ್ವಂತ ಚಾರ್ಜರ್ ಆಗಿರಬಹುದು. ಇನ್ನೊಂದು ಕಡೆ ಎಂಬತ್ತು ಮನೆಗಳವರು ಸರದಿಯಲ್ಲಿ ಬಳಸಬೇಕಾದ ಎರಡು ಚಾರ್ಜರ್‌ಗಳಾಗಿರಬಹುದು. ಮತ್ತೊಂದು ಕಡೆ ಕಂಬಕ್ಕೆ ಬಡಿದ ಸಾಮಾನ್ಯ ಸಾಕೆಟ್ಟಷ್ಟೇ ಆಗಿರಬಹುದು. ಮೂರರಲ್ಲಿ ಯಾವುದೂ ಸುಳ್ಳಲ್ಲ, ಆದರೆ ನೀವು ಕೊಡುವ ಬಾಡಿಗೆಯ ಲೆಕ್ಕದಲ್ಲಿ ಮೂರೂ ಒಂದೇ ತೂಕದವಲ್ಲ.

ಆದ್ದರಿಂದ ಅಡುಗೆಮನೆ, ಮಲಗುವ ಕೋಣೆಗಳನ್ನು ನೋಡುವ ಮೊದಲೇ ಪಾರ್ಕಿಂಗ್ ಜಾಗಕ್ಕೆ ಇಳಿದುಹೋಗಿ. ಅಲ್ಲಿ ನಿಂತು ಕೇಳಬೇಕಾದದ್ದು ಮುಖ್ಯವಾಗಿ ಮೂರು ಸಂಗತಿಗಳನ್ನು: ಈ ಜಾಗ ನನಗೇ ಮೀಸಲೇ, ಇಲ್ಲಿಗೆ ಬಂದಿರುವ ತಂತಿ ಯಾವ ಮೀಟರಿನಿಂದ ಹೊರಟಿದೆ, ಆ ತಂತಿಯ ಮೇಲೆ ಎಷ್ಟು ಆಂಪಿಯರಿನ ಎಂಸಿಬಿ (ಮಿತಿ ಮೀರಿ ವಿದ್ಯುತ್ ಹರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ಕೂರಿಸಿದ್ದಾರೆ. ಚಾರ್ಜರ್ ಯಾವ ಕಂಪನಿಯದು, ಅದಕ್ಕೆ ಎಷ್ಟು ದೀಪಗಳಿವೆ ಎಂಬುದು ಆಮೇಲಿನ ಮಾತು. ನಿಜ ಹೇಳಬೇಕೆಂದರೆ, ಮನೆಗಳಲ್ಲಿ ಬಳಸುವ ಗೋಡೆಯ ಪೆಟ್ಟಿಗೆ ಚಾರ್ಜರೇ ಅಲ್ಲ. ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿ ಬದಲಿಸುವ ಚಾರ್ಜರ್ ಕಾರಿನೊಳಗೇ ಇರುತ್ತದೆ; ಗೋಡೆಯ ಮೇಲಿರುವುದು ಇಷ್ಟು ಆಂಪಿಯರ್ ಎಳೆಯಬಹುದೆಂದು ಕಾರಿಗೆ ತಿಳಿಸಿ, ಎಲ್ಲ ಸರಿಯಿದ್ದರೆ ಮಾತ್ರ ವಿದ್ಯುತ್ತನ್ನು ಬಿಡುವ ಒಂದು ಜಾಣ ಸ್ವಿಚ್ಚು. ಹೀಗಾಗಿ 22 ಕಿಲೋವ್ಯಾಟಿನ ಪೆಟ್ಟಿಗೆಯನ್ನು ತೋರಿಸಿ ಹೆಚ್ಚು ಬಾಡಿಗೆ ಕೇಳಿದರೆ, ನಿಮ್ಮ ಕಾರಿನೊಳಗಿನ ಚಾರ್ಜರಿನ ಮಿತಿ ಎಷ್ಟೆಂದು ಮೊದಲು ನೋಡಿಕೊಳ್ಳಿ. ಅದು 7.2 ಕಿಲೋವ್ಯಾಟ್ ಆಗಿದ್ದರೆ ಉಳಿದದ್ದಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ. 22 ಕಿಲೋವ್ಯಾಟ್ ಸಿಗುವುದು 32 ಆಂಪಿಯರಿನ ತ್ರೀ ಫೇಸ್ ಸಂಪರ್ಕದಲ್ಲಿ ಮಾತ್ರ. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಅಷ್ಟೇ ಆಂಪಿಯರಿಗೆ ಸಿಗುವುದು 7.4.

ಪ್ಲಗ್ಗಿನ ಬಗೆಯನ್ನೂ ಗಮನಿಸಿ. ಟೈಪ್ 1 ಐದು ಪಿನ್ನುಗಳದ್ದು, ಟೈಪ್ 2 ಏಳು ಪಿನ್ನುಗಳದ್ದು. ಒಂದು ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ. ಕೇಬಲ್ ಪೆಟ್ಟಿಗೆಗೇ ಅಂಟಿಕೊಂಡಿದ್ದು ಅದು ನಿಮ್ಮ ಕಾರಿನದಲ್ಲದ ಬಗೆಯಾಗಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಗುತ್ತದೆ.

ಸಾಧ್ಯವಾದರೆ ಕಾರನ್ನೇ ಒಯ್ದು ಅರ್ಧ ಗಂಟೆ ಚಾರ್ಜ್ ಮಾಡಿ ನೋಡಿ. ಅನೇಕ ಕಾರುಗಳ ಪರದೆಯಲ್ಲಿ ಅಥವಾ ಆ್ಯಪಿನಲ್ಲಿ ವೋಲ್ಟ್, ಆಂಪಿಯರ್ ಎರಡೂ ಕಾಣುತ್ತವೆ. ಚಾರ್ಜಿಂಗ್ ಶುರುವಾಗುವ ಮುನ್ನ 230 ಇದ್ದ ವೋಲ್ಟೇಜು 16 ಆಂಪಿಯರ್ ಹರಿಯತೊಡಗಿದ ಮೇಲೆ 215ಕ್ಕೆ ಇಳಿಯಿತು ಎಂದುಕೊಳ್ಳೋಣ. ಕಳೆದುಹೋದ 15 ವೋಲ್ಟನ್ನು 16 ಆಂಪಿಯರಿನಿಂದ ಗುಣಿಸಿದರೆ 240 ವ್ಯಾಟ್. ಅಷ್ಟೂ ದಾರಿಯಲ್ಲಿ ಶಾಖವಾಗಿ ಹೋಗುತ್ತಿದೆ. ಉದ್ದವಾದ ತೆಳು ತಂತಿಯುದ್ದಕ್ಕೂ ಅದು ಹಂಚಿಹೋದರೆ ಬರಿಯ ನಷ್ಟ, ಒಂದೇ ಸಡಿಲವಾದ ಜೋಡಣೆಯಲ್ಲಿ ಸೇರಿಕೊಂಡರೆ ಅಪಾಯ. ಶೇಕಡ 5ಕ್ಕಿಂತ ಹೆಚ್ಚು ಇಳಿತ ಕಂಡರೆ ಎಲೆಕ್ಟ್ರಿಷಿಯನ್ ನೋಡದೆ ಕರಾರಿಗೆ ಸಹಿ ಹಾಕಬೇಡಿ. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ ಇದೆಯೇ ಎಂದೂ ನೋಡಿ. ಆ್ಯಪಿನಿಂದ ಮಾತ್ರ ಚಾಲೂ ಆಗುವ ಯಂತ್ರ ಸಿಗ್ನಲ್ ಇಲ್ಲದ ಕಡೆ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ, ಕಾರ್ಡ್ ತೋರಿಸಿದರೆ ಚಾಲೂ ಆಗುವ ಯಂತ್ರಕ್ಕೆ ಆ ತೊಂದರೆ ಕಡಿಮೆ.

ಕೊನೆಯದಾಗಿ, ಜಾಹೀರಾತಿನ ಮಾತು ಕರಾರು ಪತ್ರಕ್ಕೆ ಇಳಿದಿದೆಯೇ ನೋಡಿಕೊಳ್ಳಿ. ಪಾರ್ಕಿಂಗ್ ಜಾಗದ ಸಂಖ್ಯೆ, ಚಾರ್ಜಿಂಗ್ ಸಂಪರ್ಕ, ಅದರ ಆಂಪಿಯರ್, ಕೆಟ್ಟರೆ ಎಷ್ಟು ದಿನದೊಳಗೆ ಯಾರು ರಿಪೇರಿ ಮಾಡಿಸಬೇಕು ಎಂಬ ನಾಲ್ಕೂ ಅದರಲ್ಲಿರಬೇಕು. ಪಾರ್ಕಿಂಗ್ ಜಾಗವನ್ನು ಬದಲಿಸುವ ಅಧಿಕಾರ ತಮಗಿದೆ ಎಂದು ಮಾಲೀಕರು ಬೇರೊಂದು ಕಲಮಿನಲ್ಲಿ ಬರೆದುಕೊಂಡಿದ್ದರೆ, ಬದಲಿಸಿದ ಜಾಗದಲ್ಲೂ ಇದೇ ಸಂಪರ್ಕ ಇರತಕ್ಕದ್ದೆಂದು ಅದರ ಪಕ್ಕದಲ್ಲೇ ಸೇರಿಸಿ.

ಪ್ರಶ್ನೆ: ನನಗೆ ಇಷ್ಟವಾದ ಮನೆಯ ಪಾರ್ಕಿಂಗ್‌ನಲ್ಲಿ ಒಂದು 16 ಆಂಪಿಯರಿನ ಸಾಕೆಟ್ ಮಾತ್ರ ಇದೆ. ದಿನಕ್ಕೆ ಸುಮಾರು 40 ಕಿಲೋಮೀಟರ್ ಓಡಾಡುತ್ತೇನೆ. ಚಾರ್ಜರ್ ಇಲ್ಲವೆಂದು ಈ ಮನೆಯನ್ನು ಬಿಡಬೇಕೇ?

ಉತ್ತರ: ಬಿಡಬೇಕಿಲ್ಲ. ಸಾಮಾನ್ಯ ಕಾರೊಂದು ಕಿಲೋಮೀಟರಿಗೆ 150ರಿಂದ 200 ವ್ಯಾಟ್-ಗಂಟೆ ಬಳಸುತ್ತದೆ. 150 ಎಂದು ಹಿಡಿದರೆ 40 ಕಿಲೋಮೀಟರಿಗೆ 6,000 ವ್ಯಾಟ್-ಗಂಟೆ, ಅಂದರೆ 6 ಯೂನಿಟ್. ಚಾರ್ಜ್ ಆಗುವಾಗಿನ ನಷ್ಟ ಸೇರಿಸಿದರೆ ಗೋಡೆಯಿಂದ ಸುಮಾರು 7 ಯೂನಿಟ್ ಎಳೆಯಬೇಕು. 230 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ 2.3 ಕಿಲೋವ್ಯಾಟ್ ಸಿಗುವುದರಿಂದ ಮೂರು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. 120 ವೋಲ್ಟಿನ ಸಂಪರ್ಕವಿರುವ ದೇಶದಲ್ಲಿ 12 ಆಂಪಿಯರ್ ಎಳೆದರೂ ಐದು ಗಂಟೆ ಸಾಕು. ಕಾರು ರಾತ್ರಿಯಿಡೀ ನಿಂತೇ ಇರುತ್ತದೆ. ನೀವು ಮಲಗಿರುವಾಗ ಚಾರ್ಜಿಂಗ್ ಮೂರು ಗಂಟೆ ಹಿಡಿಯಿತೋ ಒಂದು ಗಂಟೆ ಹಿಡಿಯಿತೋ ಎಂಬುದರಿಂದ ಬೆಳಗಿನ ಪ್ರಯಾಣಕ್ಕೆ ವ್ಯತ್ಯಾಸವಾಗದು.

ವ್ಯತ್ಯಾಸ ತಿಳಿಯುವುದು ದೂರ ಪ್ರಯಾಣದಿಂದ ಮರಳಿದ ದಿನ. 60 ಯೂನಿಟಿನ ಬ್ಯಾಟರಿಯನ್ನು ಶೇಕಡ 10ರಿಂದ 90ಕ್ಕೆ ತರಲು ನಷ್ಟ ಸೇರಿ ಸುಮಾರು 55 ಯೂನಿಟ್ ಬೇಕು; ಈ ಸಾಕೆಟ್ಟಿನಲ್ಲಿ ಅದಕ್ಕೆ ಪೂರ್ತಿ ಒಂದು ದಿನ ಹಿಡಿಯುತ್ತದೆ. ಅಂಥ ದಿನಗಳು ತಿಂಗಳಿಗೆ ಒಂದೆರಡೇ ಆಗಿದ್ದರೆ ಮನೆ ತಲುಪುವ ಮೊದಲು ದಾರಿಯಲ್ಲಿ ವೇಗದ ಚಾರ್ಜರ್ ಬಳಸಿಕೊಂಡು ಬರಬಹುದು.

ಎಚ್ಚರ ಬೇಕಾದದ್ದು ಸಾಕೆಟ್ಟಿನ ವಿಷಯದಲ್ಲಿ. ಸಾಕೆಟ್ಟಿನ ಮೇಲೆ 16 ಆಂಪಿಯರ್ ಎಂದು ಬರೆದಿದ್ದರೂ ಅದು ಗಂಟೆಗಟ್ಟಲೆ, ದಿನವೂ, ಪೂರ್ತಿ 16 ಆಂಪಿಯರ್ ಹೊರುವುದಕ್ಕೆಂದು ಹಾಕಿದ್ದಾಗಿರುವುದಿಲ್ಲ. ಜೋಡಣೆಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕಾರಿನ ಸೆಟ್ಟಿಂಗಿನಲ್ಲಿ 16ನ್ನು 10ಕ್ಕೆ ಇಳಿಸಿದರೆ ಶಾಖ ಸುಮಾರು ಶೇಕಡ 40ಕ್ಕೆ ಇಳಿಯುತ್ತದೆ. ಮೊದಲ ದಿನ ಒಂದು ಗಂಟೆ ಚಾರ್ಜ್ ಮಾಡಿ, ನಿಲ್ಲಿಸಿ, ಪ್ಲಗ್ಗನ್ನು ಕಿತ್ತು ಅದರ ಮೈಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಹಜ, ಕೈ ಇಡಲಾರದಷ್ಟು ಬಿಸಿಯಿದ್ದರೆ, ಪ್ಲಾಸ್ಟಿಕ್ ಕಂದಿದ್ದರೆ, ವಾಸನೆ ಬಂದರೆ ಅದನ್ನು ಮತ್ತೆ ಬಳಸಬೇಡಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರಿನ ಜೊತೆ ಬಂದ ಕೇಬಲ್ಲಿನ ಪೆಟ್ಟಿಗೆ ಕೆಂಪು ದೀಪ ತೋರಿ ನಿಂತುಬಿಡುವುದುಂಟು. ಅದನ್ನು ಹೇಗೋ ಮೋಸಗೊಳಿಸಿ ಚಾಲೂ ಮಾಡಿಕೊಡುತ್ತೇನೆನ್ನುವ ಎಲೆಕ್ಟ್ರಿಷಿಯನ್ನರನ್ನು ಹತ್ತಿರ ಸೇರಿಸಬಾರದು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ತಂತಿಯಂತೂ ತನ್ನ ಶಾಖದಲ್ಲಿ ತಾನೇ ಬೇಯುತ್ತದೆ.

ಪ್ರಶ್ನೆ: ಎರಡು ವರ್ಷದ ಕರಾರಿನ ಮೇಲೆ ಈ ಮನೆಯಲ್ಲಿದ್ದೇನೆ. ನನ್ನ ಖರ್ಚಿನಲ್ಲೇ ಚಾರ್ಜರ್ ಹಾಕಿಸಿಕೊಳ್ಳುತ್ತೇನೆಂದರೂ ಮಾಲೀಕರು ಒಪ್ಪುತ್ತಿಲ್ಲ. ನನಗೆ ಕಾನೂನಿನ ಹಕ್ಕು ಇದೆಯೇ? ಅವರನ್ನು ಹೇಗೆ ಒಪ್ಪಿಸುವುದು?

ಉತ್ತರ: ಹಕ್ಕು ನೀವಿರುವ ದೇಶವನ್ನು ಅವಲಂಬಿಸಿದೆ. ಜರ್ಮನಿಯಲ್ಲಿ 2020ರ ಡಿಸೆಂಬರ್ 1ರಿಂದ, ಚಾರ್ಜಿಂಗ್ ವ್ಯವಸ್ಥೆಗಾಗಿ ಕಟ್ಟಡದಲ್ಲಿ ಬದಲಾವಣೆ ಮಾಡಿಕೊಳ್ಳಲು ಅನುಮತಿ ಕೊಡಿರೆಂದು ಕೇಳುವ ಹಕ್ಕು ಬಾಡಿಗೆದಾರರಿಗಿದೆ. ಮಾಲೀಕರಿಂದ ನಿರೀಕ್ಷಿಸಲಾಗದಷ್ಟು ತೊಂದರೆ ಅದರಿಂದ ಆಗುವುದಾದರೆ ಮಾತ್ರ ಅವರು ನಿರಾಕರಿಸಬಹುದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2015ರ ಜುಲೈಯಿಂದೀಚಿನ ಕರಾರುಗಳಿಗೆ ಇಂಥದೇ ನಿಯಮವಿದೆ, ಆದರೆ ಐದಕ್ಕಿಂತ ಕಡಿಮೆ ಪಾರ್ಕಿಂಗ್ ಜಾಗಗಳಿರುವ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಗಮನಿಸಬೇಕಾದದ್ದೆಂದರೆ, ಹಕ್ಕು ಕೊಟ್ಟಿರುವ ಈ ಎರಡೂ ಕಡೆ ಖರ್ಚು ಬಾಡಿಗೆದಾರರದೇ. ಅಂಥ ಕಾನೂನಿಲ್ಲದ ಕಡೆ ಮಾಲೀಕರ ಲಿಖಿತ ಒಪ್ಪಿಗೆಯೊಂದೇ ದಾರಿ. ಕಾನೂನಿರುವ ಕಡೆಯೂ ನಾನು ಒಪ್ಪಿಗೆಯ ದಾರಿಯನ್ನೇ ಮೊದಲು ಹಿಡಿಯುವೆ, ಏಕೆಂದರೆ ವ್ಯಾಜ್ಯ ಮುಗಿಯುವ ಹೊತ್ತಿಗೆ ನಿಮ್ಮ ಎರಡು ವರ್ಷ ಮುಗಿದಿರಬಹುದು.

‘ಆಗುವುದಿಲ್ಲ’ ಎನ್ನುವ ಮಾಲೀಕರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಭಯಗಳು ಬೆಂಕಿಯದು, ಗೋಡೆ ಹಾಳಾಗುವುದರದು, ಮತ್ತು ನೀವು ಬಿಟ್ಟುಹೋದ ಮೇಲೆ ಆ ಸಾಮಾನನ್ನು ಏನು ಮಾಡಬೇಕೆಂಬುದರದು. ಬಾಯಿಮಾತಿನಲ್ಲಿ ಬೇಡಿಕೆ ಇಟ್ಟರೆ ಈ ಭಯಗಳಿಗೆ ಉತ್ತರ ಸಿಗುವುದಿಲ್ಲ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಮೀಟರಿನಿಂದ ಪಾರ್ಕಿಂಗ್ ಜಾಗದವರೆಗೆ ತಂತಿ ಹೋಗುವ ದಾರಿ, ಅದರ ಉದ್ದ ಮತ್ತು ದಪ್ಪ, ಹಾಕುವ ಎಂಸಿಬಿ, ಮನೆಗೆ ಮಂಜೂರಾದ ಲೋಡಿನಲ್ಲಿ ಉಳಿದಿರುವ ಅವಕಾಶ ಇಷ್ಟನ್ನೂ ಒಂದು ಪುಟದಲ್ಲಿ ಬರೆಸಿಕೊಳ್ಳಿ. ಸೋರಿಕೆ ವಿದ್ಯುತ್ತಿನಿಂದ ಕಾಪಾಡುವ ಆರ್‌ಸಿಸಿಬಿಯ ಬಗೆಯನ್ನೂ ಅದರಲ್ಲಿ ಹೆಸರಿಸಿರಬೇಕು. ಕಾರಿನ ಕಡೆಯಿಂದ ಡಿಸಿ ಸೋರಿಕೆ 6 ಮಿಲಿಆಂಪಿಯರ್ ದಾಟಿದರೆ ಮನೆಗಳಲ್ಲಿರುವ ಸಾಮಾನ್ಯ ಆರ್‌ಸಿಸಿಬಿ ಕುರುಡಾಗಬಹುದು. ಅದಕ್ಕಾಗಿ ಟೈಪ್ ಬಿ ಆರ್‌ಸಿಸಿಬಿ, ಇಲ್ಲವೇ ಡಿಸಿ ಸೋರಿಕೆಯನ್ನು ತಾನೇ ಗುರುತಿಸುವ ಪೆಟ್ಟಿಗೆಯ ಜೊತೆ ಟೈಪ್ ಎ ಬೇಕು. ಈ ಪುಟವನ್ನು ನೋಡಿದ ಮಾಲೀಕರಿಗೆ, ಮಾತನಾಡುತ್ತಿರುವುದು ಗೋಡೆಗೆ ತೂತು ಕೊರೆಯುವ ಆತುರಗಾರನಲ್ಲ ಎಂದು ಗೊತ್ತಾಗುತ್ತದೆ. ಅನುಮತಿ ಇಲ್ಲದ ಕಡೆ ಯಾರಾದರೊಬ್ಬರು ಮೂರನೇ ಮಹಡಿಯ ಕಿಟಕಿಯಿಂದ ತಂತಿ ಇಳಿಬಿಟ್ಟೇ ಬಿಡುತ್ತಾರೆ, ಬೆಂಕಿಯ ಭಯವಿದ್ದರೆ ಹೆದರಬೇಕಾದದ್ದು ಅದಕ್ಕೆ ಎಂಬುದನ್ನೂ ನಯವಾಗಿ ಹೇಳಬಹುದು.

ಖರ್ಚಿನ ವಿಷಯದಲ್ಲಿ ತಂತಿಯನ್ನೂ ಪೆಟ್ಟಿಗೆಯನ್ನೂ ಬೇರೆ ಮಾಡಿ ಮಾತನಾಡಿ. ತಂತಿ, ಪೈಪು, ಎಂಸಿಬಿ ಕಟ್ಟಡಕ್ಕೆ ಸೇರಿಹೋಗುವಂಥವು. ನಿಮ್ಮ ನಂತರ ಬರುವ ಬಾಡಿಗೆದಾರರಿಗೂ ಅವು ಉಪಯೋಗಕ್ಕೆ ಬರುವುದರಿಂದ ಅವುಗಳ ಖರ್ಚಿನಲ್ಲಿ ಪಾಲು ಕೇಳುವುದು ನ್ಯಾಯ. ಪೆಟ್ಟಿಗೆಯಾದರೋ ನಾಲ್ಕು ಸ್ಕ್ರೂ ಬಿಚ್ಚಿದರೆ ನಿಮ್ಮ ಜೊತೆ ಮುಂದಿನ ಮನೆಗೆ ಬರುತ್ತದೆ. ಹೀಗೆ ಒಡೆದು ಹೇಳಿದಾಗ ಎರಡೂ ಕಡೆಯವರಿಗೆ ಲೆಕ್ಕ ಸುಲಭವಾಗುತ್ತದೆ.

ಒಪ್ಪಿದ ಮೇಲೆ ಕರಾರಿಗೆ ಇಂಥದೊಂದು ಕಲಮು ಸೇರಿಸಿ: ‘ಇಂಥ ಸಂಖ್ಯೆಯ ಪಾರ್ಕಿಂಗ್ ಜಾಗದಲ್ಲಿ ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಅಳವಡಿಸುವ ಚಾರ್ಜಿಂಗ್ ಪೆಟ್ಟಿಗೆಯು ಬಾಡಿಗೆದಾರರ ಸ್ವತ್ತಾಗಿದ್ದು, ಮನೆ ಬಿಡುವಾಗ ಅದನ್ನು ತೆಗೆದುಕೊಂಡು ಹೋಗಲು ಅವರಿಗೆ ಹಕ್ಕಿದೆ, ತೆಗೆದ ಜಾಗವನ್ನು ಅವರು ಸರಿಪಡಿಸಿಕೊಡತಕ್ಕದ್ದು, ತಂತಿ ಮತ್ತು ಅದಕ್ಕೆ ಸೇರಿದ ಸಾಮಾನುಗಳು ಕಟ್ಟಡದಲ್ಲೇ ಉಳಿಯತಕ್ಕದ್ದು, ಅವನ್ನು ಉಳಿಸಿದ ಕಾರಣಕ್ಕೆ ಮುಂಗಡದಲ್ಲಿ ಏನನ್ನೂ ಕಡಿತ ಮಾಡತಕ್ಕದ್ದಲ್ಲ, ಅವಧಿಗೆ ಮೊದಲೇ ಮಾಲೀಕರು ಮನೆ ಬಿಡಿಸಿದಲ್ಲಿ ತಂತಿಯ ಖರ್ಚಿನಲ್ಲಿ ಬಾಡಿಗೆದಾರರು ಕೊಟ್ಟ ಪಾಲನ್ನು ಉಳಿದ ತಿಂಗಳುಗಳ ಲೆಕ್ಕಕ್ಕೆ ಸರಿಯಾಗಿ ಹಿಂತಿರುಗಿಸತಕ್ಕದ್ದು.’ ಈ ಕೊನೆಯ ಮಾತನ್ನು ಬಿಟ್ಟುಬಿಟ್ಟು ಆಮೇಲೆ ಪೇಚಾಡಿದವರ ಪತ್ರಗಳು ಈ ಅಂಕಣಕ್ಕೆ ಬಂದಿವೆ. ಅಳವಡಿಕೆಗೆ ಮೊದಲು ಮತ್ತು ನಂತರ ಗೋಡೆಯ ಫೋಟೊ ತೆಗೆದಿಡಿ.

ಪ್ರಶ್ನೆ: ಮಾಲೀಕರು ಒಪ್ಪಿದ್ದಾರೆ. ಆದರೆ ‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಕಟ್ಟಡದ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ’ ಎಂದು ನಿವಾಸಿಗಳ ಸಂಘದವರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ಅವರ ಲೆಕ್ಕದಲ್ಲಿ ನಿಜ, ಆದರೆ ಲೆಕ್ಕ ಹಾಕುವ ಕ್ರಮ ತಪ್ಪು. ನಲವತ್ತು ಕಾರುಗಳು 7.4 ಕಿಲೋವ್ಯಾಟಿನ ಪೆಟ್ಟಿಗೆಗಳಿಂದ ಒಂದೇ ಹೊತ್ತಿಗೆ ಪೂರ್ತಿ ವಿದ್ಯುತ್ ಎಳೆದರೆ 296 ಕಿಲೋವ್ಯಾಟ್ ಬೇಕು. ಈ ಅಂಕಿಯನ್ನು ಕಂಡು ಯಾವ ಸಂಘವಾದರೂ ಬೆಚ್ಚುತ್ತದೆ. ಈಗ ಇನ್ನೊಂದು ಬದಿಯಿಂದ ನೋಡಿ. ಮೇಲೆ ಹೇಳಿದಂತೆ ದಿನದ ಓಡಾಟಕ್ಕೆ ಕಾರೊಂದಕ್ಕೆ 7 ಯೂನಿಟ್ ಸಾಕು. ನಲವತ್ತಕ್ಕೆ 280 ಯೂನಿಟ್. ಅದನ್ನು ರಾತ್ರಿಯ ಹತ್ತು ಗಂಟೆಗಳಿಗೆ ಹಂಚಿದರೆ ಬೇಕಾದದ್ದು 28 ಕಿಲೋವ್ಯಾಟ್, ಅಂದರೆ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ.

ಈ ಹಂಚಿಕೆಯನ್ನು ತಾನೇ ಮಾಡುವ ವ್ಯವಸ್ಥೆಗೆ ಲೋಡ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಕಟ್ಟಡದ ಮುಖ್ಯ ಮೀಟರಿನ ಮೇಲೆ ಕಣ್ಣಿಟ್ಟು, ಲಿಫ್ಟು, ಪಂಪು, ಮನೆಗಳ ಬಳಕೆ ಹೋಗಿ ಎಷ್ಟು ಉಳಿದಿದೆಯೋ ಅಷ್ಟನ್ನು ಮಾತ್ರ ಅದು ಕಾರುಗಳಿಗೆ ಹಂಚುತ್ತದೆ. ಪೆಟ್ಟಿಗೆಯು ಕಾರಿಗೆ ಆಂಪಿಯರ್ ತಿಳಿಸುತ್ತದೆಂದು ಆಗಲೇ ಹೇಳಿದೆನಷ್ಟೆ. ಆ ಅಂಕಿಯನ್ನೇ ಕ್ಷಣಕ್ಷಣಕ್ಕೂ ಏರಿಸಿ ಇಳಿಸುವುದು ಇದರ ಕೆಲಸ. ಕಾರೊಂದಕ್ಕೆ 6 ಆಂಪಿಯರಿಗಿಂತ ಕಡಿಮೆ ಕೊಡಲಾಗದ ಕಾರಣ, ಹಂಚಲು ಇರುವುದು ಅದಕ್ಕಿಂತ ಕಡಿಮೆಯಾದಾಗ ಕೆಲವು ಕಾರುಗಳನ್ನು ಕಾಯಿಸಿ ಸರದಿ ನಡೆಸುತ್ತದೆ. ಬೆಳಗಾಗುವಷ್ಟರಲ್ಲಿ ಎಲ್ಲರದೂ ಮುಗಿದಿರುತ್ತದೆ.

ಸಂಘದವರಿಗೆ ಇನ್ನೊಂದು ಮಾತು ಹೇಳಿ. ಒಬ್ಬೊಬ್ಬರು ಒಂದೊಂದು ಕಂಪನಿಯ ಪೆಟ್ಟಿಗೆ ತಂದು ಮನಬಂದಂತೆ ಹಾಕಿಕೊಂಡ ಮೇಲೆ ಈ ವ್ಯವಸ್ಥೆ ತರುವುದು ಕಷ್ಟ. ಓಸಿಪಿಪಿ ಎಂಬ ಮುಕ್ತ ಸಂವಹನ ನಿಯಮವನ್ನು ಅನುಸರಿಸುವ ಪೆಟ್ಟಿಗೆಗಳನ್ನು ಮಾತ್ರ ಹಾಕಬೇಕೆಂದು ಈಗಲೇ ಠರಾವು ಮಾಡಿಕೊಂಡರೆ ಮುಂದೆ ಕಂಪನಿ ಬದಲಾದರೂ ಎಲ್ಲವನ್ನೂ ಒಂದೇ ಸೂತ್ರಕ್ಕೆ ಕಟ್ಟಬಹುದು. ಸಂಘದ ಸಭೆಯಲ್ಲಿ ಬಾಡಿಗೆದಾರರಿಗೆ ಮತವಿಲ್ಲದಿದ್ದರೆ ಇಷ್ಟನ್ನೂ ಒಂದು ಪತ್ರವಾಗಿ ಬರೆದು ಮಾಲೀಕರ ಹೆಸರಿನಲ್ಲಿಯೇ ಕೊಡಿಸಿ.

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಚಾರ್ಜಿಂಗ್ ಹಣವನ್ನು ಸಬ್‌ಮೀಟರ್ ನೋಡಿ ಲೆಕ್ಕ ಹಾಕುತ್ತಾರೆ. ಕಳೆದ ತಿಂಗಳು ಕಾರಿನ ಆ್ಯಪ್ 130 ಯೂನಿಟ್ ತೋರಿಸಿದರೆ ಸಬ್‌ಮೀಟರ್ 149 ತೋರಿಸಿದೆ. ನನಗೆ ಮೋಸವಾಗುತ್ತಿದೆಯೇ?

ಉತ್ತರ: ಇಲ್ಲ. ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಬ್ಯಾಟರಿಯೊಳಗೆ ಸೇರಿದ್ದನ್ನು, ಸಬ್‌ಮೀಟರ್ ತೋರಿಸುವುದು ಗೋಡೆಯಿಂದ ಹೊರಟದ್ದನ್ನು. ನಡುವೆ ಶೇಕಡ 10ರಿಂದ 15ರಷ್ಟು ಕಳೆಯುವುದು ಸಹಜ. ನಿಮ್ಮದು ಸುಮಾರು 13. ಆಂಪಿಯರ್ ಕಡಿಮೆಯಾದಷ್ಟೂ ಈ ನಷ್ಟದ ಪಾಲು ಏರುತ್ತದೆ, ಏಕೆಂದರೆ ಚಾರ್ಜಿಂಗ್ ನಡೆಯುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪು ಎಚ್ಚರವಾಗಿಯೇ ಇರುತ್ತವೆ. ವ್ಯತ್ಯಾಸ ಶೇಕಡ 25 ದಾಟಿದರೆ ಆಗ ಸಬ್‌ಮೀಟರನ್ನೂ ತಂತಿಯನ್ನೂ ಪರೀಕ್ಷಿಸಲು ಕೇಳಿ. ಯೂನಿಟ್ ಲೆಕ್ಕದ ಬದಲು ತಿಂಗಳಿಗೆ ಇಂತಿಷ್ಟೆಂದು ಕೊಡಿ ಎಂದರೆ ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಕಡಿಮೆ ಓಡಿಸುವವರು ಹೆಚ್ಚು ಓಡಿಸುವವರ ಬಿಲ್ಲು ಕಟ್ಟುವ ಏರ್ಪಾಟು ಅದು, ಮತ್ತು ಜಗಳ ಹುಟ್ಟುವುದು ಅಲ್ಲಿಂದಲೇ.

ಪ್ರಶ್ನೆ: ನನ್ನದು ಸ್ಕೂಟರ್. ಬ್ಯಾಟರಿ ಕಳಚಿ ಮನೆಯೊಳಗೆ ತಂದು ಚಾರ್ಜ್ ಮಾಡುತ್ತೇನೆ. ಇದಕ್ಕೂ ಅನುಮತಿ ಬೇಕೇ?

ಉತ್ತರ: ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಪ್ರತ್ಯೇಕ ಅನುಮತಿಯ ಅಗತ್ಯ ಕಾಣುವುದಿಲ್ಲ, ವಿದ್ಯುತ್ತೂ ಹೆಚ್ಚು ಬೇಡ. ಆದರೆ ಜಾಗದ ಆಯ್ಕೆ ಮುಖ್ಯ. ಮನೆಯಿಂದ ಹೊರಬೀಳುವ ಬಾಗಿಲ ಬಳಿ, ಮೆಟ್ಟಿಲ ಮೇಲೆ, ಮಂಚದ ಪಕ್ಕದಲ್ಲಿ ಚಾರ್ಜ್ ಮಾಡಬೇಡಿ, ಏಕೆಂದರೆ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಅದು ಕ್ಷಣಗಳಲ್ಲಿ ಹಬ್ಬುತ್ತದೆ ಮತ್ತು ತಪ್ಪಿಸಿಕೊಳ್ಳುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಗಟ್ಟಿ ನೆಲದ ಮೇಲೆ, ಬಟ್ಟೆಬರೆಗಳಿಂದ ದೂರದಲ್ಲಿ, ನೀವು ಎಚ್ಚರವಿರುವ ಹೊತ್ತಿನಲ್ಲಿ, ಸ್ಕೂಟರಿನ ಜೊತೆ ಬಂದ ಚಾರ್ಜರಿನಿಂದಲೇ ಚಾರ್ಜ್ ಮಾಡಿ. ಕೆಳಗೆ ಬಿದ್ದ, ಉಬ್ಬಿದ ಅಥವಾ ನೀರು ಹೊಕ್ಕ ಬ್ಯಾಟರಿಯನ್ನು ಮನೆಯೊಳಗೆ ತರಲೇಬಾರದು.

ಪ್ರಶ್ನೆ: ನಾನು ಮಾಲೀಕ. ಮನೆಯನ್ನು ಬಾಡಿಗೆಗೆ ಕೊಡುವ ಮೊದಲೇ ಚಾರ್ಜರ್ ಹಾಕಿಸಿಡುವುದು ಒಳ್ಳೆಯದೇ?

ಉತ್ತರ: ಪೆಟ್ಟಿಗೆ ಬೇಡ, ತಂತಿ ಹಾಕಿಸಿಡಿ. ಬರುವ ಬಾಡಿಗೆದಾರರ ಕಾರು ಯಾವ ಬಗೆಯದೋ, ಅವರ ಬಳಿ ಆಗಲೇ ಪೆಟ್ಟಿಗೆ ಇದೆಯೋ ನಿಮಗೆ ಗೊತ್ತಿಲ್ಲ. ಮನೆಯ ಮೀಟರಿನಿಂದ ಪಾರ್ಕಿಂಗ್ ಜಾಗದವರೆಗೆ 32 ಆಂಪಿಯರ್ ಹೊರಬಲ್ಲ ತಂತಿಯನ್ನು ಪೈಪಿನಲ್ಲಿ ಎಳೆಸಿ, ಎಂಸಿಬಿ, ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಕೊಡಿಸಿ, ಕೊನೆಯಲ್ಲಿ ಮುಚ್ಚಳವಿರುವ ಒಂದು ಜಂಕ್ಷನ್ ಬಾಕ್ಸ್ ಇಟ್ಟರೆ ಸಾಕು. ಗೋಡೆಗೆ ಬಣ್ಣ ಹೊಡೆಸುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ, ಮತ್ತು ಜಾಹೀರಾತಿನಲ್ಲಿ ‘ಇವಿ ಚಾರ್ಜಿಂಗ್ ಸೌಲಭ್ಯವಿದೆ’ ಎನ್ನುವುದರ ಬದಲು ‘ಪಾರ್ಕಿಂಗ್ ಜಾಗಕ್ಕೆ ಮನೆಯ ಮೀಟರಿನಿಂದ 32 ಆಂಪಿಯರಿನ ಪ್ರತ್ಯೇಕ ತಂತಿ ಇದೆ’ ಎಂದೇ ಬರೆಸಿ.